ಯಾರಿಗೂ ಬೇಡವಾದ ಪಂದ್ಯಗಳು

2019ರ ಜನವರಿ 23, ಬುಧವಾರ. ಆಫೀಸಿನಲ್ಲಿ ಕೂತು ಕದ್ದು ಕದ್ದು ಮೊಬೈಲಿನಲ್ಲಿ ಸ್ಕೋರ್ ನೋಡ್ತಾ ಇದ್ದೆ. ನ್ಯೂಜಿಲೆಂಡಿನ ನೇಪಿಯರ್‌ನಲ್ಲಿ ಭಾರತದ ಮೊದಲ ಏಕದಿನ ಪಂದ್ಯ. ನ್ಯೂಜಿಲೆಂಡ್ 157ಕ್ಕೆ ಆಲೌಟ್ ಆಗಿತ್ತು. ನಮ್ಮವರು 10 ಓವರ್‌ಗೆ 1 ವಿಕೆಟ್ ಕಳೆದುಕೊಂಡು 44. ಅಲ್ಲಿಗೆ ಸ್ಕೋರ್ ನಿಂತೇ ಹೋಯಿತು. ಒಂದು ನಿಮಿಷ ಆಯಿತು, ಐದು ನಿಮಿಷ ಆಯಿತು, ಅಲುಗಾಡಲೇ ಇಲ್ಲ. ನೆಟ್‌ವರ್ಕ್ ಹೋಗಿರಬೇಕು ಅಂತ ಫೋನನ್ನು ಕಿಟಕಿ ಹತ್ತಿರ ಹಿಡಿದೆ. ಆಮೇಲೆ ಕೆಳಗೆ ಸಣ್ಣಕ್ಷರದಲ್ಲಿದ್ದ ಸಾಲು ಕಣ್ಣಿಗೆ ಬಿತ್ತು. ಬಿಸಿಲಿನಿಂದಾಗಿ ಆಟ ನಿಲ್ಲಿಸಲಾಗಿದೆ.

ಪಕ್ಕದ ಸಹೋದ್ಯೋಗಿಗೆ ತೋರಿಸಿದೆ. "ಮಳೆ ಅಂತ ಹಾಕೋಕೆ ಹೋಗಿ ಬಿಸಿಲು ಅಂತ ಹಾಕಿದ್ದಾರೆ ಬಿಡಿ" ಅಂದರು.

ತಪ್ಪೇನೂ ಆಗಿರಲಿಲ್ಲ. ಕ್ರಿಕೆಟ್ ಪಿಚ್‌ಗಳನ್ನು ಸಾಮಾನ್ಯವಾಗಿ ಉತ್ತರ–ದಕ್ಷಿಣವಾಗಿ ಹಾಸುತ್ತಾರೆ. ಬೆಳಗಿನ ಬಿಸಿಲಾಗಲಿ ಸಂಜೆಯ ಬಿಸಿಲಾಗಲಿ ಬ್ಯಾಟ್ಸ್‌ಮನ್ ಕಣ್ಣಿಗೆ ನೇರವಾಗಿ ಹೊಡೆಯಬಾರದು ಅಂತ. ನೇಪಿಯರ್‌ನ ಮೆಕ್ಲೀನ್ ಪಾರ್ಕಿನಲ್ಲಿ ಮಾತ್ರ ಪಿಚ್ ಪೂರ್ವ–ಪಶ್ಚಿಮ. ಹಗಲು ಪಂದ್ಯವಾದರೆ ತೊಂದರೆಯಿಲ್ಲ. ಹಗಲು–ರಾತ್ರಿ ಪಂದ್ಯದಲ್ಲಿ ಮುಳುಗುವ ಸೂರ್ಯ ಬೌಲರ್‌ನ ತಲೆಯ ಹಿಂದೆ ಬಂದು ಕೂತುಬಿಡುತ್ತಾನೆ. ಎದುರಿನಿಂದ ಬರುವ ಚೆಂಡು ಕಾಣಬೇಕಲ್ವಾ? ಅಂಪೈರ್‌ಗಳು ಆಟ ನಿಲ್ಲಿಸಿದರು. ಸೂರ್ಯ ಇಳಿಯಲಿ ಅಂತ ಎರಡೂ ತಂಡದವರು ಸುಮಾರು ಅರ್ಧ ಗಂಟೆ ಕಾದರು. ಒಂದು ಓವರ್ ಕಡಿತವಾಯಿತು. ಗುರಿ 49 ಓವರ್‌ಗೆ 156 ಅಂತ ಬದಲಾಯಿತು. ಶಿಖರ್ ಧವನ್ ಔಟಾಗದೆ 75 ಹೊಡೆದರು, ಭಾರತ 8 ವಿಕೆಟ್‌ಗಳಿಂದ ಗೆದ್ದಿತು.

ಸಂಜೆ ಹೊರಡುವಾಗ ಅದೇ ಸಹೋದ್ಯೋಗಿ ಕೇಳಿದರು. "ಅಲ್ರೀ, ಮೊನ್ನೆ ಮೊನ್ನೆ ಆಸ್ಟ್ರೇಲಿಯಾದಲ್ಲಿ ಆಡಿದ್ರು. ಈಗ ಇದು. ಈ ಸರಣಿ ಬೇಕು ಅಂತ ಯಾರು ಕೇಳಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಲ್ಬರ್ನ್‌ನಲ್ಲಿ ಕೊನೆಯ ಏಕದಿನ ಪಂದ್ಯ ಮುಗಿದದ್ದು ಜನವರಿ 18ಕ್ಕೆ. ಐದು ದಿನಕ್ಕೆ ನೇಪಿಯರ್. ಯಾರೂ ಕೇಳಿರಲಿಲ್ಲ, ನಿಜ. ಆದರೂ ನಾನು ನೋಡುತ್ತಿದ್ದೆ. ಅವರೂ ಆಗಾಗ ಬಗ್ಗಿ ನೋಡುತ್ತಿದ್ದರು.

ನ್ಯೂಜಿಲೆಂಡ್ ಪ್ರವಾಸ ಅಂದರೆ ನನಗೆ ಮೊದಲು ನೆನಪಾಗುವುದು ಅಲಾರ್ಮ್. ಅವರ ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ ಓಡುತ್ತದೆ. ಅಲ್ಲಿ ಬೆಳಗ್ಗೆ 11ಕ್ಕೆ ಶುರುವಾಗುವ ಪಂದ್ಯ ನಮಗೆ ನಸುಕಿನ ಮೂರೂವರೆಗೆ. ಹಗಲು–ರಾತ್ರಿ ಪಂದ್ಯವಾದರೆ ಬೆಳಗ್ಗೆ ಏಳೂವರೆ. ಇಂಗ್ಲೆಂಡ್ ಪ್ರವಾಸವನ್ನು ಮನೆಮಂದಿಯೆಲ್ಲ ಸಂಜೆ ಒಟ್ಟಿಗೆ ಕೂತು ನೋಡಬಹುದು. ನ್ಯೂಜಿಲೆಂಡಿನದ್ದು ಹಾಗಲ್ಲ. ಟಿವಿ ಸೌಂಡ್ ಸೊನ್ನೆಗೆ ಇಳಿಸಿ, ಹೊದಿಕೆ ಸುತ್ತಿಕೊಂಡು, ಒಬ್ಬರೇ ನೋಡಬೇಕು. ಹೊರಗೆ ಗವ್ವೆನ್ನುವ ಕತ್ತಲು. ಪರದೆಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಹಸಿರು ದಿಬ್ಬ, ದಿಬ್ಬದ ಮೇಲೆ ಟೋಪಿ ಹಾಕಿಕೊಂಡು ಅಡ್ಡಾದ ಜನ. ಸಿಕ್ಸರ್ ಹೋದರೂ ಕೂಗುವ ಹಾಗಿಲ್ಲ, ಒಳಗೆ ಮಲಗಿದವರು ಎದ್ದುಬಿಡುತ್ತಾರೆ. ಸುಮ್ನೆ ಮುಷ್ಟಿ ಬಿಗಿಹಿಡಿಯೋದು, ಅಷ್ಟೆ.

ಸೀಮಿತ ಓವರ್‌ಗಳ ಪ್ರವಾಸದ ಓಟವೂ ಬೇರೆ. ಹಿಂದೆ ಟೆಸ್ಟ್ ಪ್ರವಾಸಕ್ಕೆ ಹೋದವರು ಮೊದಲು ಸ್ಥಳೀಯ ತಂಡಗಳ ಜೊತೆ ಒಂದೆರಡು ಅಭ್ಯಾಸ ಪಂದ್ಯ ಆಡುತ್ತಿದ್ದರು. ಗಾಳಿ, ಪಿಚ್, ಬೆಳಕು ಎಲ್ಲ ಅಷ್ಟರಲ್ಲಿ ಒಗ್ಗುತ್ತಿತ್ತು. ಈಗ ಎರಡು–ಮೂರು ದಿನಕ್ಕೊಂದು ಪಂದ್ಯ, ಹೆಚ್ಚಾಗಿ ಹೊಸ ಊರು. ಆಕ್ಲೆಂಡಿನ ಈಡನ್ ಪಾರ್ಕ್ ನಿಜವಾಗಿ ರಗ್ಬಿಯವರ ಮೈದಾನ. ನೇರ ಬೌಂಡರಿ ಎಷ್ಟು ಹತ್ತಿರ ಅಂದರೆ, ಬ್ಯಾಟಿನ ಅಂಚಿಗೆ ತಾಗಿದ ಹೊಡೆತವೂ ಆಚೆ ಹೋಗಿ ಬೀಳುತ್ತದೆ. ವೆಲ್ಲಿಂಗ್ಟನ್‌ನಲ್ಲಿ ಗಾಳಿಗೆ ಎದುರಾಗಿ ಬೌಲ್ ಮಾಡುವುದು ಯಾರು ಅನ್ನುವುದೇ ಒಂದು ಪಂಚಾಯಿತಿ. ಇವೆಲ್ಲ ಅರ್ಥ ಆಗುವಷ್ಟರಲ್ಲಿ ಬ್ಯಾಗು ಕಟ್ಟುವ ಹೊತ್ತಾಗಿರುತ್ತದೆ. 2020ರಲ್ಲಂತೂ ಜನವರಿ 19ರ ರಾತ್ರಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕದಿನ ಪಂದ್ಯ ಮುಗಿಸಿದ ತಂಡ 24ಕ್ಕೆ ಆಕ್ಲೆಂಡಿನಲ್ಲಿ ಟಿ20 ಆಡಿತು. ಇನ್ನು ವಿಮಾನದಿಂದ ಇಳಿದವರು ಸೀದಾ ಸ್ಟೇಡಿಯಂಗೇ ಹೋಗುವ ಕಾಲ ಹತ್ತಿರ ಬಂತು ಅನ್ನೋ ಅರ್ಥದ ಮಾತನ್ನು ಆಗ ಕ್ಯಾಪ್ಟನ್ ಕೊಹ್ಲಿಯೇ ಆಡಿದ್ದರು.

ಹಾಗಾದರೆ ಸಹೋದ್ಯೋಗಿ ಕೇಳಿದ್ದು ಸರಿಯೇ ತಾನೆ? ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ಆಮೇಲಾಮೇಲೆ ನನ್ನ ತಲೆಯಲ್ಲಿ ಒಂದು ಮೊಂಡುವಾದ ಬೆಳೆಯಿತು. ವಿಶ್ವಕಪ್‌ನಲ್ಲಿ ಯಾರೂ ಹೊಸದನ್ನು ಮಾಡಿ ನೋಡಲ್ಲ. ಅಲ್ಲಿ ಸೋತರೆ ಊರೆಲ್ಲ ಬೈಯುತ್ತದೆ. ಯಾರಿಗೂ ಬೇಡದ ಸರಣಿಯಲ್ಲಿ ಸೋತರೆ ಮೂರು ದಿನದಲ್ಲಿ ಎಲ್ಲರೂ ಮರೆಯುತ್ತಾರೆ. ಆ ಧೈರ್ಯಕ್ಕೇ ಕ್ಯಾಪ್ಟನ್ ಕೈ ಸ್ವಲ್ಪ ಸಡಿಲಾಗುತ್ತದೆ, "ಹೋಗು, ಆಡು ನೋಡೋಣ" ಅನ್ನುತ್ತಾನೆ.

1994ರ ಮಾರ್ಚ್ 27ನ್ನೇ ತೊಗೊಳ್ಳಿ. ಆಕ್ಲೆಂಡ್, ಸರಣಿಯ ಎರಡನೇ ಪಂದ್ಯ. ಬೆಳಗ್ಗೆ ಏಳುವಾಗ ಆರಂಭಿಕ ಆಟಗಾರ ಸಿಧು ಅವರ ಕುತ್ತಿಗೆ ಹಿಡಿದುಕೊಂಡಿತ್ತು, ತಿರುಗಿಸಲು ಆಗುತ್ತಿರಲಿಲ್ಲ. ಸಚಿನ್ ತೆಂಡೂಲ್ಕರ್ ಆಗ ಮಧ್ಯಮ ಕ್ರಮಾಂಕದ ಆಟಗಾರ. 69 ಏಕದಿನ ಪಂದ್ಯ ಆಡಿ ಮುಗಿಸಿದ್ದರೂ ಒಂದೂ ಶತಕ ಇರಲಿಲ್ಲ. ನನಗೆ ಒಂದೇ ಒಂದು ಅವಕಾಶ ಕೊಡಿ, ಆಗದಿದ್ದರೆ ಮತ್ತೆಂದೂ ಕೇಳಲ್ಲ ಅಂತ ಕ್ಯಾಪ್ಟನ್ ಅಜರುದ್ದೀನ್ ಮತ್ತು ಮ್ಯಾನೇಜರ್ ಅಜಿತ್ ವಾಡೇಕರ್ ಅವರನ್ನು ಅಂಗಲಾಚಿದರಂತೆ. ಬೆನ್ನಟ್ಟಬೇಕಿದ್ದದ್ದು ಬರೀ 143. ಸಚಿನ್ 49 ಎಸೆತಕ್ಕೆ 82 ಹೊಡೆದರು. 15 ಬೌಂಡರಿ, 2 ಸಿಕ್ಸರ್.

ನಾನು ಅದನ್ನು ನೋಡಿದ್ದಲ್ಲ, ಓದಿದ್ದು. ಸೋಮವಾರದ ಪೇಪರಿನಲ್ಲಿ ಸ್ಕೋರ್‌ಕಾರ್ಡ್ ಬಂದಿತ್ತು. ಅಪ್ಪ ಕನ್ನಡಕ ಹಣೆಗೇರಿಸಿ ಪೇಪರನ್ನು ಮೂಗಿನ ಹತ್ತಿರ ಹಿಡಿದು, "ಪ್ರಿಂಟ್ ತಪ್ಪಾಗಿರ್ಬೇಕು ಕಣೋ, 49 ಬಾಲಿಗೆ 82 ಅಂತೆ" ಅಂದರು. ಬೌಂಡರಿಗಳನ್ನು ಲೆಕ್ಕ ಹಾಕು ಅಂದರು. ಹದಿನೈದು ನಾಲ್ಕಲಿ ಅರವತ್ತು, ಎರಡು ಆರಲಿ ಹನ್ನೆರಡು, ಎಪ್ಪತ್ತೆರಡಾಯಿತು. ಉಳಿದದ್ದು ಬರೀ ಹತ್ತು. ಅಪ್ಪ ಇನ್ನೊಮ್ಮೆ ತಾವೇ ಕೂಡಿ ನೋಡಿದರು. ಆಮೇಲೆ ಏನೂ ಮಾತಾಡದೆ ಪೇಪರ್ ಮಡಿಚಿಟ್ಟರು. ಸಚಿನ್ ಆಮೇಲೆ ಹೊಡೆದ 49 ಏಕದಿನ ಶತಕಗಳಲ್ಲಿ 45 ಆರಂಭಿಕನಾಗಿ ಬಂದವು. ಆ ಸರಣಿ ಏನಾಯಿತು ಅಂತೀರಾ? 2–2ರಲ್ಲಿ ಸಮ. ಎಷ್ಟು ಜನಕ್ಕೆ ನೆನಪಿದೆ?

ಅದೃಷ್ಟ ಎಲ್ಲರಿಗೂ ಹೀಗೆ ಒಂದೇ ದಿನದಲ್ಲಿ ತಿರುಗಲ್ಲ. 2019ರ ಅದೇ ಬಿಸಿಲಿನ ಸರಣಿಯಲ್ಲಿ ಭಾರತ ಮೊದಲ ಮೂರೂ ಪಂದ್ಯ ಗೆದ್ದು ಸರಣಿ ಮುಗಿಸಿತ್ತು. ನಾಲ್ಕನೆಯದು ಹ್ಯಾಮಿಲ್ಟನ್‌ನಲ್ಲಿ, ಲೆಕ್ಕಕ್ಕೇ ಇಲ್ಲದ ಪಂದ್ಯ. ಕೊಹ್ಲಿಗೆ ವಿಶ್ರಾಂತಿ ಕೊಟ್ಟರು, ಒಬ್ಬ ಹೊಸ ಹುಡುಗನನ್ನು ಇಳಿಸಿದರು. ಟ್ರೆಂಟ್ ಬೌಲ್ಟ್ ಆ ದಿನ ಚೆಂಡನ್ನು ಹೇಗೆ ಹೊರಳಿಸಿದರೆಂದರೆ, ಭಾರತ 92ಕ್ಕೆ ಆಲೌಟ್. ಹತ್ತನೇ ಕ್ರಮಾಂಕದಲ್ಲಿ ಬಂದು ಔಟಾಗದೆ 18 ಹೊಡೆದ ಚಹಾಲ್ ಅವರದ್ದೇ ಅತಿ ಹೆಚ್ಚು! ಬೌಲ್ಟ್‌ಗೆ 21 ರನ್‌ಗೆ 5 ವಿಕೆಟ್. ಇನ್ನೂ 212 ಎಸೆತ ಬಾಕಿ ಇರುವಾಗಲೇ ನ್ಯೂಜಿಲೆಂಡ್ ಗೆದ್ದಿತು. ನಮಗೆ ಮಧ್ಯಾಹ್ನ ಆಗುವ ಮೊದಲೇ ಎಲ್ಲ ಮುಗಿದಿತ್ತು.

ಆ ಹೊಸ ಹುಡುಗ ಹೊಡೆದದ್ದು 9. ಹೆಸರು ಶುಭಮನ್ ಗಿಲ್. ನಾಲ್ಕು ವರ್ಷದ ನಂತರ, 2023ರ ಜನವರಿ 18ರಂದು ಹೈದರಾಬಾದಿನಲ್ಲಿ ಅದೇ ನ್ಯೂಜಿಲೆಂಡ್ ಮೇಲೆ 208 ಹೊಡೆದರು. ಆವತ್ತು ನನಗೆ ಮೊದಲು ನೆನಪಾದದ್ದು ಹ್ಯಾಮಿಲ್ಟನ್‌ನ ಆ 9.

ಹ್ಯಾಮಿಲ್ಟನ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಬೇರೆ ದಿನ ಬಿಡಿ. 2020ರ ಜನವರಿ 29, ಮೂರನೇ ಟಿ20. ನಮಗೆ ಮಧ್ಯಾಹ್ನದ ಪಂದ್ಯ. ಭಾರತ 179. ಕೊನೆಯ ಓವರ್‌ನಲ್ಲಿ ನ್ಯೂಜಿಲೆಂಡಿಗೆ ಬೇಕಿದ್ದದ್ದು 9. ಶಮಿಯ ಮೊದಲ ಎಸೆತವನ್ನೇ ರಾಸ್ ಟೇಲರ್ ಸಿಕ್ಸರ್ ಎತ್ತಿದರು. ಮುಗಿಯಿತು ಅಂತ ನಾನು ಫೋನ್ ಬೋರಲು ಹಾಕಿ ಮೀಟಿಂಗಿನ ಕಡೆ ತಿರುಗಿದೆ. ಯಾರೋ ಪರದೆಯ ಮೇಲೆ ಯಾವುದೋ ಚಾರ್ಟ್ ತೋರಿಸುತ್ತಿದ್ದರು. ತಡೆಯಲಾಗದೆ ಮತ್ತೆ ತಿರುಗಿಸಿ ನೋಡಿದರೆ 95 ಹೊಡೆದಿದ್ದ ವಿಲಿಯಮ್ಸನ್ ಔಟ್. ಕೊನೆಯ ಎಸೆತಕ್ಕೆ ಒಂದು ರನ್ ಬೇಕು, ಟೇಲರ್ ಬೌಲ್ಡ್. ಟೈ!

ಟೈ ಆದರೆ ಗೆದ್ದವರು ಯಾರು ಅಂತ ತೀರ್ಮಾನಿಸಲು ಎರಡೂ ತಂಡ ಒಂದೊಂದು ಓವರ್ ಆಡಬೇಕು, ಅದೇ ಸೂಪರ್ ಓವರ್. ಅದರಲ್ಲಿ ಅವರು 17 ಹೊಡೆದರು, ಅದೂ ಬುಮ್ರಾ ಬೌಲಿಂಗಿಗೆ. ಭಾರತದ ಕಡೆಯಿಂದ ರೋಹಿತ್ ಮತ್ತು ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್. ಸೌಥಿ ಬೌಲಿಂಗ್. 2, 1, 4, 1. ಇನ್ನು ಎರಡು ಎಸೆತಕ್ಕೆ ಹತ್ತು ರನ್ ಬೇಕು. ಅಷ್ಟರಲ್ಲಿ ಮೀಟಿಂಗಿನಲ್ಲಿ ಚಾರ್ಟ್ ಯಾರೂ ನೋಡುತ್ತಿರಲಿಲ್ಲ, ಮೇಜಿನ ಕೆಳಗೆ ಎಲ್ಲರ ಮಡಿಲಲ್ಲೂ ಫೋನ್. ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ವೇಗ. ಮೂಲೆಯಲ್ಲಿದ್ದವರಿಗೆ ನಮಗಿಂತ ಅರ್ಧ ನಿಮಿಷ ಮೊದಲೇ ಬರುತ್ತಿತ್ತು. ಅವರ ಮುಖ ಅರಳಿತು. ಆಗಲೇ ಗೊತ್ತಾಯಿತು, ಆದರೂ ನಂಬದೆ ನಮ್ಮ ನಮ್ಮ ಪರದೆಗೆ ಕಾದೆವು. ಐದನೇ ಎಸೆತ ಸಿಕ್ಸರ್. ಮತ್ತೆ ಮೂಲೆಯ ಕಡೆ ನೋಡಿದೆವು. ಅವರು ಎದ್ದು ನಿಂತಿದ್ದರು. ಇನ್ನೊಂದು ಸಿಕ್ಸರ್. ಚಾರ್ಟ್ ತೋರಿಸುತ್ತಿದ್ದವರೇ ಮೊದಲು ಕೂಗಿದ್ದು.

ಎರಡು ದಿನಕ್ಕೆ ವೆಲ್ಲಿಂಗ್ಟನ್‌ನಲ್ಲಿ ಇನ್ನೊಂದು ಸೂಪರ್ ಓವರ್. ಏಳು ವಿಕೆಟ್ ಕೈಲಿಟ್ಟುಕೊಂಡು ಕೊನೆಯ ಓವರ್‌ನಲ್ಲಿ 7 ರನ್ ಹೊಡೆಯಲಾಗದೆ ಅವರು ಮತ್ತೆ ಟೈ ಮಾಡಿಕೊಂಡಿದ್ದರು. ಪಾಪ ಅನ್ನಿಸಿತು. 2019ರ ವಿಶ್ವಕಪ್ ಫೈನಲ್ ಕೂಡ ಸೂಪರ್ ಓವರಿಗೆ ಹೋಗಿ ಅವರ ಕೈ ತಪ್ಪಿತ್ತಲ್ಲ, ಆ ಗಾಯ ಇನ್ನೂ ಹಸಿಯಾಗಿತ್ತು. ಟಿ20 ಸರಣಿ ಭಾರತಕ್ಕೆ 5–0. ಆದರೆ ಹಿಂದೆಯೇ ಬಂದ ಏಕದಿನ ಸರಣಿಯಲ್ಲಿ ಅವರು ನಮ್ಮನ್ನು 3–0ಯಿಂದ ಬಡಿದರು. ಇದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ. ಮೊದಲ ಪಂದ್ಯದಲ್ಲಿ 347 ಹೊಡೆದೂ ಸೋತೆವು. ಟೇಲರ್ ಔಟಾಗದೆ 109 ಹೊಡೆದು ಮುಗಿಸಿದರು. ಬುಮ್ರಾಗೆ ಮೂರು ಪಂದ್ಯದಲ್ಲಿ ಒಂದೂ ವಿಕೆಟ್ ಇಲ್ಲ.

ನನಗೆ ಆ ಸರಣಿ ನೆನಪಿರುವುದು ರಾಹುಲ್‌ಗಾಗಿ. ಅದಕ್ಕೂ ಕೆಲವೇ ದಿನ ಮೊದಲು ಮುಂಬೈಯಲ್ಲಿ ಕೀಪರ್ ಪಂತ್ ತಲೆಗೆ ಚೆಂಡು ತಾಗಿತ್ತು ಅಂತ ರಾಹುಲ್ ಕೈಗೆ ಕೀಪಿಂಗ್ ಗ್ಲೌಸ್ ಬಂದಿತ್ತು. ಆ ತಾತ್ಕಾಲಿಕ ಏರ್ಪಾಟನ್ನೇ ನ್ಯೂಜಿಲೆಂಡಿಗೆ ಹೊತ್ತೊಯ್ದರು. ಆರಂಭಿಕ ಆಟಗಾರನನ್ನು ಐದನೇ ಕ್ರಮಾಂಕಕ್ಕೆ ಇಳಿಸಿ, ಮೇಲಿಂದ ಕೀಪಿಂಗ್ ಹೊರೆ. ಔಟಾಗದೆ 88, ಆಮೇಲೆ 4, ಆಮೇಲೆ 112. ತಂಡ ಮೂರಕ್ಕೆ ಮೂರೂ ಸೋತಿತು, ಆದರೆ ಐದನೇ ಕ್ರಮಾಂಕಕ್ಕೆ ಒಬ್ಬ ಸಿಕ್ಕಿದ. 2023ರ ವಿಶ್ವಕಪ್‌ನಲ್ಲಿ ರಾಹುಲ್ ಆಡಿದ್ದು ಇದೇ ಕೆಲಸಕ್ಕೆ. ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ 2 ರನ್‌ಗೆ 3 ವಿಕೆಟ್ ಬಿದ್ದಿದ್ದಾಗ ಬಂದು ಔಟಾಗದೆ 97 ಹೊಡೆದರು. (ಫೈನಲ್‌ನ 107 ಎಸೆತದ 66 ಬಗ್ಗೆ ಈಗ ಜಗಳ ಬೇಡ. ಅದಕ್ಕೇ ಬೇರೆ ಬರಹ ಬೇಕು.) ಆಗ ಕೋಚ್ ದ್ರಾವಿಡ್. ಅವರೂ 2003ರ ವಿಶ್ವಕಪ್‌ನಲ್ಲಿ ತಂಡಕ್ಕೆ ಬೇಕು ಅಂತ ಗ್ಲೌಸ್ ಹಾಕಿಕೊಂಡವರೇ. ಬ್ಯಾಟಿಂಗ್ ನೆಟ್ಟಗೆ ಬರುತ್ತೆ ಅಂದಕೂಡಲೇ ಕೀಪಿಂಗನ್ನೂ ತಲೆಗೆ ಕಟ್ಟುವುದು ನಮ್ಮ ಕಡೆಯವರ ಹಣೆಬರಹವೋ ಏನೋ.

ಇಷ್ಟು ಹೇಳಿ ನಿಲ್ಲಿಸಿದರೆ ಸಹೋದ್ಯೋಗಿಯ ಎದುರು ಗೆದ್ದಂತೆ. ಆದರೆ ಅದೇ ಸರಣಿಯಲ್ಲಿ ಮಯಂಕ್ ಅಗರ್ವಾಲ್ ಕೂಡ ಇದ್ದರು. ರೋಹಿತ್ ಗಾಯಗೊಂಡರು, ಧವನ್ ಮೊದಲೇ ಇರಲಿಲ್ಲ. ಹಾಗಾಗಿ ಹ್ಯಾಮಿಲ್ಟನ್‌ನಲ್ಲಿ ಮಯಂಕ್ ಮತ್ತು ಪೃಥ್ವಿ ಶಾ ಇಬ್ಬರೂ ಮೊದಲ ಏಕದಿನ ಪಂದ್ಯದಲ್ಲೇ ಆರಂಭಿಕರಾಗಿ ಇಳಿದರು. ಮಯಂಕ್ ಹೊಡೆದದ್ದು 32, 3, 1. ವರ್ಷದ ಕೊನೆಗೆ ಆಸ್ಟ್ರೇಲಿಯಾದಲ್ಲಿ ಎರಡು ಪಂದ್ಯ, 22 ಮತ್ತು 28. ಒಟ್ಟು ಐದು ಪಂದ್ಯ, 86 ರನ್. ಆಮೇಲೆ ಕರೆ ಬರಲೇ ಇಲ್ಲ. ಟೆಸ್ಟ್‌ನಲ್ಲಿ ಎರಡು ದ್ವಿಶತಕ ಹೊಡೆದವರು! ಏಕದಿನದಲ್ಲಿ ಭಾರತದ ನೆಲದ ಮೇಲೆ ಒಂದು ಪಂದ್ಯವೂ ಸಿಗಲಿಲ್ಲ. ಬೇಡವಾದ ಪಂದ್ಯದಲ್ಲಿ ಅವಕಾಶ ಸುಲಭಕ್ಕೆ ಸಿಗುತ್ತದೆ ನಿಜ, ಅಷ್ಟೇ ಸುಲಭಕ್ಕೆ ವಾಪಸ್ಸೂ ಹೋಗುತ್ತದೆ. ರಾಹುಲ್ ಬಗ್ಗೆ ಬರೆಯುವಾಗ ಇರುವ ಹುರುಪು ಮಯಂಕ್ ಬಗ್ಗೆ ಬರೆಯುವಾಗ ಬರುತ್ತಿಲ್ಲ ನನಗೆ.

ಇನ್ನು 2022ರ ನವೆಂಬರ್. ನನ್ನ ವಾದಕ್ಕೆ ಸರಿಯಾಗಿ ನೀರು ಬಿದ್ದದ್ದು ಆಗಲೇ. ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್‌ಗಳಿಂದ ಸೋತದ್ದು ನವೆಂಬರ್ 10ಕ್ಕೆ. 18ಕ್ಕೆ ವೆಲ್ಲಿಂಗ್ಟನ್‌ನಲ್ಲಿ ಟಿ20. ಯಾರಿಗೂ ಮನಸ್ಸಿರಲಿಲ್ಲ. ರೋಹಿತ್, ಕೊಹ್ಲಿ, ಕೋಚ್ ದ್ರಾವಿಡ್ ಎಲ್ಲ ವಿಶ್ರಾಂತಿಯಲ್ಲಿದ್ದರು. ಮಳೆಗೂ ಮನಸ್ಸಿರಲಿಲ್ಲ ಅನ್ನಿಸುತ್ತೆ, ಮೊದಲ ಪಂದ್ಯ ಟಾಸ್ ಕೂಡ ಆಗದೆ ಹೋಯಿತು. ಎರಡನೆಯದರಲ್ಲಿ ಸೂರ್ಯಕುಮಾರ್ ಯಾದವ್ 51 ಎಸೆತಕ್ಕೆ ಔಟಾಗದೆ 111, ಆ ಇಡೀ ಪ್ರವಾಸದಲ್ಲಿ ಕಣ್ತುಂಬ ನೋಡಿದ್ದು ಅದೊಂದೇ. ಮೂರನೆಯದು ಮತ್ತೆ ಅದೇ ನೇಪಿಯರ್. ಸಲ ಸಲವೂ ಸೂರ್ಯನದೇ ಕಾಟ ಇರಲು ಸಾಧ್ಯವೇ? ಈ ಸಲ ಮಳೆ. 9 ಓವರ್‌ಗೆ ಭಾರತ 75. ಮಳೆ ಬಂದಾಗ ಗುರಿ ಲೆಕ್ಕ ಹಾಕುವ ಡಿಎಲ್‌ಎಸ್ ಪ್ರಕಾರ ಆ ಹೊತ್ತಿಗೆ ಇರಬೇಕಾದದ್ದೂ 75. ಮತ್ತೆ ಆಟ ಶುರುವಾಗಲಿಲ್ಲ, ಪಂದ್ಯ ಟೈ. ಇನ್ನೊಂದು ಸಿಂಗಲ್ ಓಡಿದ್ದಿದ್ದರೆ ಗೆಲುವು!

ಏಕದಿನ ಪಂದ್ಯಗಳದ್ದೂ ಅದೇ ಕಥೆ. ಆಕ್ಲೆಂಡಿನಲ್ಲಿ 306 ಹೊಡೆದು ಸೋತೆವು, ಹ್ಯಾಮಿಲ್ಟನ್ ಮಳೆಗೆ ಹೋಯಿತು, ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ 18 ಓವರ್ ಆಡಿದ್ದಾಗ ಮಳೆ. ಫಲಿತಾಂಶ ಬರಲು 20 ಓವರ್ ಆಗಬೇಕಿತ್ತು. ಇವು ವಿಶ್ವಕಪ್ ಅರ್ಹತೆಯ ಸೂಪರ್ ಲೀಗ್‌ಗೆ ಸೇರಿದ ಪಂದ್ಯಗಳು ಅಂತ ಕಾಮೆಂಟರಿಯವರು ಆಗಾಗ ನೆನಪಿಸುತ್ತಿದ್ದರು. ಆದರೆ 2023ರ ವಿಶ್ವಕಪ್ ನಡೆಯಬೇಕಿದ್ದದ್ದೇ ಭಾರತದಲ್ಲಿ. ನಮ್ಮ ಜಾಗ ಮೊದಲೇ ಗಟ್ಟಿ. ಆ ಅಂಕ ತೊಗೊಂಡು ನಾವು ಮಾಡುವುದೇನಿತ್ತು? ಸಹೋದ್ಯೋಗಿ ಆಗ ಬೇರೆ ಕಂಪನಿಗೆ ಹೋಗಿದ್ದರು. ಆದರೂ ಕ್ರೈಸ್ಟ್‌ಚರ್ಚ್ ಪಂದ್ಯ ರದ್ದಾದ ಕೂಡಲೇ ಮೆಸೇಜ್ ಹಾಕಿದರು. "ಈಗ ಹೇಳಿ?"

ಏನೂ ಹೇಳಲಿಲ್ಲ. ಸುಮ್ನೆ ನಗುವ ಮುಖ ಒಂದು ಕಳಿಸಿದೆ. ಆದರೆ ಆ ರಾತ್ರಿ ಹಳೆಯ ಸ್ಕೋರ್‌ಕಾರ್ಡ್‌ಗಳನ್ನು ಕೆದಕುತ್ತಾ ಕೂತೆ. ಭಾರತ ನ್ಯೂಜಿಲೆಂಡಿಗೆ ಹೋಗಿ ಆಡಿದ ಮೊಟ್ಟಮೊದಲ ಏಕದಿನ ಪಂದ್ಯಗಳು ಯಾವುವು ನೋಡೋಣ ಅಂತ.

1976ರ ಫೆಬ್ರವರಿ 21 ಮತ್ತು 22. ಇವತ್ತು ಕ್ರೈಸ್ಟ್‌ಚರ್ಚ್, ನಾಳೆ ಆಕ್ಲೆಂಡ್. ಟೆಸ್ಟ್ ಸರಣಿ ಮುಗಿದ ಮೇಲೆ ಬಾಲಕ್ಕೆ ಕಟ್ಟಿದಂತೆ ಎರಡು ಪಂದ್ಯ. ಭಾರತ ಅದಕ್ಕೂ ಮೊದಲು ಆಡಿದ್ದೇ ಐದು ಏಕದಿನ ಪಂದ್ಯ. ಅಲ್ಲಿ ಆಗ ಒಂದು ಓವರ್‌ಗೆ ಎಂಟು ಎಸೆತ. ಕ್ಯಾಪ್ಟನ್ ಬೇಡಿ. ಎರಡೂ ಪಂದ್ಯ ಸೋತರು. ಬೇಡವಾದ ಸರಣಿ ಅಂದರೆ ಇದಕ್ಕಿಂತ ಬೇಕೆ? ಆದರೆ ಕ್ರೈಸ್ಟ್‌ಚರ್ಚ್‌ನ ಪಟ್ಟಿಯಲ್ಲಿ ಮೊದಲ ಏಕದಿನ ಪಂದ್ಯ ಆಡುತ್ತಿದ್ದ ಕೀಪರ್ ಹೆಸರು ನೋಡಿ ಖುಷಿಯಾಯಿತು. ಸಯ್ಯದ್ ಕಿರ್ಮಾನಿ. ಏಳು ವರ್ಷದ ಮೇಲೆ ವಿಶ್ವಕಪ್ ಗೆದ್ದ ತಂಡದಲ್ಲಿದ್ದು, ಆ ಟೂರ್ನಿಯ ಶ್ರೇಷ್ಠ ಕೀಪರ್ ಅನ್ನಿಸಿಕೊಂಡವರು.

ಮಾರನೇ ದಿನದ ಆಕ್ಲೆಂಡ್ ಪಟ್ಟಿಯಲ್ಲಿ ಇನ್ನೊಂದು ಹೆಸರು. ಬಿ.ಎಸ್. ಚಂದ್ರಶೇಖರ್. ಮೈಸೂರಿನ ಚಂದ್ರ. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಬೌಲ್ ಮಾಡಿ 58 ಟೆಸ್ಟ್‌ನಲ್ಲಿ 242 ವಿಕೆಟ್ ಕಿತ್ತವರು. ಬ್ಯಾಟಿಂಗ್ ಮಾತ್ರ ಕೇಳಬೇಡಿ. ಅಷ್ಟೂ ಟೆಸ್ಟ್ ಸೇರಿ 167 ರನ್, ವಿಕೆಟ್‌ಗಿಂತ ಕಡಿಮೆ. ಸೊನ್ನೆಗೆ ಔಟಾದದ್ದೇ 23 ಸಲ.

ಆಕ್ಲೆಂಡಿನಲ್ಲಿ ಅವರು 36 ರನ್ ಕೊಟ್ಟು 3 ವಿಕೆಟ್ ತೆಗೆದರು. ಅದೇ ಅವರ ಮೊದಲ ಏಕದಿನ ಪಂದ್ಯ, ಅದೇ ಕೊನೆಯದು. ಇನ್ನೊಮ್ಮೆ ಯಾರೂ ಕರೆಯಲಿಲ್ಲ. ಪರದೆಯನ್ನು ಇನ್ನಷ್ಟು ಕೆಳಗೆ ಸರಿಸಿ ಬ್ಯಾಟಿಂಗ್ ಪಟ್ಟಿ ನೋಡಿದೆ. ಚಂದ್ರಶೇಖರ್, ಔಟಾಗದೆ 11.

ಅಪ್ಪನ ಹಾಗೆ ಫೋನನ್ನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ. ಪ್ರಿಂಟ್ ತಪ್ಪಾಗಿರಲಿಲ್ಲ. ಏಕದಿನ ಕ್ರಿಕೆಟ್‌ನಲ್ಲಿ ಚಂದ್ರ ಅವರನ್ನು ಔಟ್ ಮಾಡಿದ ಬೌಲರ್ ಒಬ್ಬನೂ ಇಲ್ಲ. ಆ ಸಾಲಿನ ಫೋಟೊ ತೆಗೆದು ಸಹೋದ್ಯೋಗಿಗೆ ಕಳಿಸಿದೆ.